ಕೋಳಿಗೂಡಿನ ಸುತ್ತ ಇರೋ ಪೊದೆ ಎಲ್ಲ ಕಡಿದುಬಿಡಬೇಕಾ?

ಎಲ್ಲ ಕಡೀಬೇಡಿ. ಗೂಡಿನ ಸುತ್ತ ಒಂದೆರಡು ಮಾರು ಬೋಳು ಮಾಡಿ ಸಾಕು, ಕೋಳಿ ಮೇಯೋ ಜಾಗದಲ್ಲಿ ಅಲ್ಲಲ್ಲಿ ನಾಲ್ಕು ಪೊದೆ ಇರಲಿ.

ಯಾಕಂದ್ರೆ ಶತ್ರು ಎರಡು ಕಡೆಯಿಂದ ಬರುತ್ತೆ. ನಮ್ಮ ಕೊಡಗಿನ ಕಾಫಿ ತೋಟದ ಮುಂಗುಸಿ, ಕಾಡುಬೆಕ್ಕು ಪೊದೆ ಮರೇಲೇ ಗೂಡಿನವರೆಗೆ ನುಸುಳಿ ಬರ್ತವೆ, ಆದ್ರೆ ಗಿಡುಗ ಮೇಲಿಂದ ಎರಗೋದು, ಅದಕ್ಕೆ ಬಯಲೇ ಅನುಕೂಲ. ಹುಂಜ ಕೂಗೋದು ಗಮನಿಸಿ ನೋಡಿ, ಆಕಾಶದಲ್ಲಿ ಗಿಡುಗ ಕಂಡ್ರೆ ಸಣ್ಣಗೆ ಎಳೆದು ಕೂಗ್ತದೆ, ಹೇಂಟೆಗಳು ತಲೆ ತಗ್ಗಿಸಿ ಪೊದೆ ಕೆಳಗೆ ಓಡ್ತವೆ, ಅದೇ ನೆಲದಲ್ಲಿ ಪ್ರಾಣಿ ಕಂಡ್ರೆ ಕೊಕ್ಕೊಕ್ಕೊಕ್ ಅಂತ ಬೇರೇನೇ ಗಲಾಟೆ, ಆಗ ಎಲ್ಲವೂ ಕತ್ತು ನೆಟ್ಟಗೆ ಮಾಡಿ ನಿಲ್ತವೆ. ಓಡೋಕೆ ಪೊದೆಯೇ ಇಲ್ಲಾಂದ್ರೆ ಅಷ್ಟು ಕೂಗಿದ್ದೂ ದಂಡ.

ಕಡಿಯೋದಾದ್ರೆ ಮೊದಲು ಲಂಟಾನ ಕಡೀರಿ. ಅದು ಹೊರದೇಶದ್ದು, ನೆಲದವರೆಗೂ ಹೆಣೆದುಕೊಂಡು ಮುಂಗುಸಿಗೆ ಸುರಂಗ ಆಗ್ತದೆ, ಎಲೆ ದನಕ್ಕೂ ವಿಷ. ನಮ್ಮದೇ ಕೇಪಳದ ಗಿಡ ಕಡೀದೆ ಉಳಿಸಿ, ಬುಡದ ಕೊಂಬೆ ಒಂದಡಿ ಸವರಿದ್ರೆ ಕೋಳಿಗೆ ಚಾವಣಿ, ನಮಗೆ ಪೊದೆ ಕೆಳಗೆ ಏನಿದೆ ಅಂತ ಕಾಣ್ತದೆ.

ರಾತ್ರಿಗೆ ಮಾತ್ರ ಗೂಡಿಗೆ ಅರ್ಧ ಇಂಚು ಕಣ್ಣಿನ ಕಬ್ಬಿಣದ ಜಾಲರಿಯೇ ಬೇಕು, ಬುಡ ಒಂದಡಿ ಮಣ್ಣೊಳಗೆ ಹೂತಿರಲಿ.