ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಮೊದಲು ಬಂದವರು ಹೆಂಡತಿ. ತೀರ್ಥಹಳ್ಳಿ ಕಡೆಯವರು, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. "ರಜೆಗೆ ಬರ್ತಿದ್ದ ಮನುಷ್ಯನೇ ಬೇರೆ, ಈಗ ಮನೇಲಿರೋರೇ ಬೇರೆ ಮೇಡಂ" ಅಂದರು. ಮುಂದಿನ ವಾರ ಗಂಡನೂ ಬಂದರು. ಸೇನೆಯಲ್ಲಿ 24 ವರ್ಷ ಸರ್ವಿಸ್ ಮಾಡಿ ಹವಾಲ್ದಾರ್ ಆಗಿ ರಿಟೈರ್ ಆದವರು.

ಪೆನ್ಷನ್ ಕಮ್ಯೂಟ್ ಮಾಡಿ, ಅಂದರೆ ಅದರ ಒಂದು ಪಾಲು ಮುಂಚೆಯೇ ಒಟ್ಟಿಗೆ ತಗೊಂಡು, ಬಂದ ದುಡ್ಡಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿದ್ದಾರೆ. ಪೈಪು, ಮೋಟಾರು, ಔಷಧಿ ಹೊಡೆಯುವ ಪಂಪು, ಟಾರ್ಪಾಲು. ಬೆಳಗ್ಗೆ ಆರೂವರೆಗೇ ಬಾಗಿಲು ತೆಗೆದು, ಪೈಪು ಜೋಡಿಸುವ ಬೆಂಡು, ಟೀ, ಕಪ್ಲಿಂಗುಗಳನ್ನು ಅಳತೆ ಪ್ರಕಾರ ಜೋಡಿಸಿ, ನಿಂತೇ ಕಾಯುತ್ತಾರೆ. ಒಂಬತ್ತರವರೆಗೆ ಒಬ್ಬ ಗಿರಾಕಿಯೂ ಬರಲ್ಲ. ಕೆಲಸದ ಹುಡುಗರು ಬೈಗುಳ ತಾಳಲಾರದೆ ಬಿಟ್ಟು ಹೋಗಿದ್ದಾರೆ.

ಮಳೆ ಹಿಡಿಯುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಹೊತ್ತಲ್ಲಿ ಊರವರೆಲ್ಲ ಪೈಪು, ಪಂಪು ಉದ್ರಿ ಒಯ್ದರು. ಒಂದು ತಿಂಗಳಾದ ಮೇಲೆ ಇವರು ಒಬ್ಬ ಅಜ್ಜನನ್ನು ಬಸ್‌ಸ್ಟ್ಯಾಂಡಲ್ಲಿ ಹಿಡಿದು ಕೇಳಿದರು. "ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ ಮಾರಾಯ" ಅಂದರು ಅಜ್ಜ. ಇವರು ಅಲ್ಲೇ, ನಾಲ್ಕು ಜನರ ಎದುರಿಗೆ, ಮಾತಿಗೆ ಬೆಲೆ ಇಲ್ವಾ ಅಂತ ಕೂಗಾಡಿದರು. ಅವತ್ತಿನಿಂದ ಗಿರಾಕಿ ಕಡಿಮೆಯಾದರು. "ನನ್ನನ್ನು ಕಂಡರೆ ರಸ್ತೆ ದಾಟಿ ಆ ಕಡೆ ಹೋಗ್ತಾರೆ" ಅನ್ನುವಾಗ ಅವರ ದನಿ ಇಳಿದಿತ್ತು.

ಇವರ ಅಪ್ಪನಿಗೆ ತೋಟ ಇರಲಿಲ್ಲ, ಕೂಲಿ ಮಾಡುತ್ತಿದ್ದವರು. ಇವರೋ ಹತ್ತೊಂಬತ್ತಕ್ಕೇ ಊರು ಬಿಟ್ಟವರು. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಶಿವಮೊಗ್ಗದ ಮಂಡಿಗೆ ಹೋಗಿ ದುಡ್ಡಾಗಲು ಚಳಿಗಾಲ ಮುಗಿಯುತ್ತದೆ ಅನ್ನೋದು ಲೆಕ್ಕಕ್ಕೇ ಬಂದಿರಲಿಲ್ಲ. ತಿಂಗಳು ತಿಂಗಳು ಸಂಬಳ ಕಂಡವರಿಗೆ ತಡವಾದದ್ದು ಮೋಸದ ಹಾಗೆ ಕಂಡಿತು. ರಸ್ತೆ ದಾಟಿದವರಿಗೂ ನಾಚಿಕೆಯೇ ಇತ್ತು, ತಿರಸ್ಕಾರ ಅಲ್ಲ.

ನಿದ್ದೆ, ಕುಡಿತ, ಸಾಯುವ ಯೋಚನೆ, ಮೂರನ್ನೂ ನೇರವಾಗಿ ಕೇಳಿದೆ. ಇಂಥ ಕೇಸಲ್ಲಿ ಇದನ್ನು ಬಿಡಲೇಬಾರದು. ನಿದ್ದೆ ಮಾತ್ರ ಕೆಟ್ಟಿತ್ತು. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ, ಕನ್ನಡದಲ್ಲೇ ಮಾತಾಡಬಹುದು.

ಹೊಸ ಪೋಸ್ಟಿಂಗ್ ಆದಾಗ ಏನು ಮಾಡ್ತಿದ್ರಿ ಅಂತ ಕೇಳಿದೆ. ಎತ್ತರದ ಲಡಾಖ್‌ನ ಲೇಹ್‌ಗೆ ಇಳಿದರೆ ಮೊದಲ 6 ದಿನ ಮೈ ಆ ಗಾಳಿಗೆ ಹೊಂದಿಕೊಳ್ಳಲಿ ಅಂತ ಬಿಡುತ್ತಾರಂತೆ, ಅವಸರ ಮಾಡಿದವನು ಆಸ್ಪತ್ರೆ ಸೇರುತ್ತಾನಂತೆ. ಹೇಳುತ್ತಾ ಹೇಳುತ್ತಾ ಸುಮ್ಮನಾದರು. ಆಮೇಲೆ "ಇಲ್ಲಿ ನಾನು ಇಳಿದ ದಿನವೇ ಓಡಿದೆ ಅಲ್ವಾ" ಅಂದರು.

ನಾನು ಹೇಳಿದ್ದಿಷ್ಟು. ಪೆನ್ಷನ್ ದುಡ್ಡು ಮನೆಗೆ, ಒಂದು ರೂಪಾಯಿಯೂ ಅಂಗಡಿಗೆ ಬೇಡ. ಉದ್ರಿ ಪೂರ್ತಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಮಲೆನಾಡಲ್ಲಿ ಅಂಗಡಿಯೇ ನಡೆಯಲ್ಲ. ಆದರೆ ಅರ್ಧ ನಗದು ತಗೊಳ್ಳಿ, ಉಳಿದದ್ದಕ್ಕೆ ಅಡಿಕೆ ಕೊಡುವ ತಿಂಗಳು ಕೇಳಿ ಅವರೆದುರಿಗೇ ಬರೆದಿಡಿ. ಪುಸ್ತಕ ಹೆಂಡತಿ ಕೈಲಿರಲಿ, ಯಾರು ಯಾವಾಗ ಅಡಿಕೆ ಕೊಡ್ತಾರೆ ಅಂತ ನಿಮಗಿಂತ ಜಾಸ್ತಿ ಅವರಿಗೆ ಗೊತ್ತು. ಜನರೆದುರು ಕೇಳಲೇಬೇಡಿ.

ಇನ್ನೊಂದು. ಅಂಗಡಿ ದೊಡ್ಡದು ಮಾಡಲು ಪಿಎಂಇಜಿಪಿ (ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರದ ಸಬ್ಸಿಡಿ ಯೋಜನೆ) ಸಾಲ ಮಾಡಿಸಿಕೊಡ್ತೀನಿ ಅಂತ ಒಬ್ಬ ಕಮಿಷನ್ ಕೇಳಿದ್ದ. ಮಾಜಿ ಸೈನಿಕರಿಗೆ ಹಳ್ಳಿಯಲ್ಲಿ ಶೇ. 35 ಸಬ್ಸಿಡಿ ಇರೋದು ನಿಜ. ಆದರೆ ಅದು ಹೊಸದಾಗಿ ಶುರು ಮಾಡುವವರಿಗೆ, ನಡೆಯುತ್ತಿರುವ ಅಂಗಡಿಗಲ್ಲ. ದುಡ್ಡು ಕೊಡಬೇಡಿ, ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ನೀವೇ ಹೋಗಿ ಕೇಳಿ ಅಂದೆ.

ಮೂರನೇ ಸಲ ಬಂದಾಗ ಅಜ್ಜನ ಮನೆಗೆ ಹೋಗಿ ಬಂದಿದ್ದರು. ಅಜ್ಜ ಸಿಗಲಿಲ್ಲ. ಅಜ್ಜಿ ಕಷಾಯ ಕೊಟ್ಟು, ಮಗ ಚೆನ್ನಾಗಿದ್ದಾನಾ ಅಂತ ಕೇಳಿದರಂತೆ. ದುಡ್ಡು ಇನ್ನೂ ಬಂದಿಲ್ಲ. ಅಂಗಡಿ ಬಾಗಿಲು ಈಗ ಎಂಟೂವರೆಗೆ ತೆಗೆಯುತ್ತಾರೆ.