ಎರಡೂ ಹೆಣ್ಣು ಎಂದು ತಂದ ಮೊಲ ಮರಿ ಹಾಕಿದೆ, ಈಗೇನು ಮಾಡಲಿ?

ಅಂಗಡಿಯಲ್ಲಿ ಎರಡೂ ಹೆಣ್ಣು ಎಂದಿದ್ದರು, ಬೆಳಗ್ಗೆ ನೋಡಿದರೆ ಐದು ಮರಿ, ತಾಯಿ ಅವುಗಳ ಹತ್ತಿರವೂ ಸುಳಿಯುತ್ತಿಲ್ಲ, ಹಸುವಿನ ಹಾಲು ಕುಡಿಸಲಾ ಎಂದು ಕೇಳಿದ್ದೀರಿ.

ಕುಡಿಸಬೇಡಿ. ಮೊದಲು ಆ ಇನ್ನೊಂದು ಮೊಲವನ್ನು ಎತ್ತಿ ಬೇರೆ ಕೋಣೆಗೆ ಬಿಡಿ. ಅದು ಗಂಡೇ ಇರಬೇಕು. ಬಿಟ್ಟು ಬಂದು ಉಳಿದದ್ದನ್ನು ಓದಿ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಮಗಳ ಹಟಕ್ಕೆ ತಂದ ಜೋಡಿ. ಅಂಗಡಿಯವರು ಬಾಲ ಎತ್ತಿ ನೋಡಿ "ಎರಡೂ ಹೆಣ್ಣೇ ಸಾರ್" ಎಂದರು. ಗಂಗೆ, ಗೌರಿ ಎಂದು ಹೆಸರಿಟ್ಟೆವು. ಅವರನ್ನು ಬೈದು ಪ್ರಯೋಜನ ಇಲ್ಲ, ಚಿಕ್ಕ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಗಂಡಿನ ಬೀಜ ಕಣ್ಣಿಗೆ ಕಾಣಿಸಲು ಸುಮಾರು ಮೂರು ತಿಂಗಳು ಬೇಕು. ಆ ಹೊತ್ತಿಗೆ ನಾವು ನೋಡುವುದನ್ನೇ ಬಿಟ್ಟಿದ್ದೆವು.

ಒಂದು ದಿನ ಸಂಜೆ ಗೌರಿ ಬಾಯಿ ತುಂಬ ಒಣಹುಲ್ಲು ಅಡ್ಡ ಕಚ್ಚಿಕೊಂಡು, ಗಿರಿಜಾ ಮೀಸೆ ಬಿಟ್ಟವರ ಹಾಗೆ, ಗೂಡಿನ ಒಂದೇ ಮೂಲೆಗೆ ಓಡಾಡುತ್ತಿದ್ದಳು. ನಾವು ವಿಡಿಯೋ ಮಾಡಿ ನಕ್ಕೆವು. ರಾತ್ರಿ ಎದೆ, ಹೊಟ್ಟೆಯ ಕೂದಲನ್ನು ತಾನೇ ಕಿತ್ತು ಹಾಕತೊಡಗಿದಳು. ಚರ್ಮರೋಗ ಇರಬೇಕು, ನಾಳೆ ಬೇವಿನೆಣ್ಣೆ ಹಚ್ಚೋಣ ಎಂದು ಮಲಗಿದೆವು! ಬೆಳಗ್ಗೆ ಆ ಕೂದಲಿನ ರಾಶಿ ಉಸಿರಾಡುತ್ತಿತ್ತು. ಬೆರಳಿಂದ ಸರಿಸಿದರೆ ಒಳಗೆ ಐದು ಮರಿ. ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ಒಂದರ ಮೇಲೊಂದು ಬಿದ್ದುಕೊಂಡು ಬಿಸಿ ಬಿಸಿಯಾಗಿದ್ದವು.

ಗಂಗೆ ಅವತ್ತಿನಿಂದ ಗಂಗಣ್ಣ.

ಗೌರಿ ಇಡೀ ದಿನ ಮರಿಗಳ ಕಡೆ ತಲೆ ಹಾಕಲಿಲ್ಲ. ನಮ್ಮತ್ತೆಗೆ ತಡೆಯಲಾಗಲಿಲ್ಲ, ಇಂಕ್ ಫಿಲ್ಲರ್‌ನಲ್ಲಿ ಹಸುವಿನ ಹಾಲು ಹಾಕಿದರು. ಒಂದು ಮರಿಗೆ ಹಾಲು ಮೂಗಿಗೆ ಹೋಯಿತು. ಮರುದಿನ ಸತ್ತೇ ಹೋಯಿತು. ತಪ್ಪು ಅವರದ್ದೊಂದೇ ಅಲ್ಲ, ಮರಿಯನ್ನು ಹಿಡಿದುಕೊಂಡಿದ್ದವನು ನಾನು.

ಮೊಲದ ತಾಯಿ ಬೆಕ್ಕಿನ ಹಾಗೆ ಮರಿಗಳನ್ನು ಅಪ್ಪಿ ಮಲಗುವುದಿಲ್ಲ. ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಬರುತ್ತಾಳೆ, ಅದೂ ಸಾಮಾನ್ಯವಾಗಿ ರಾತ್ರಿ ಅಥವಾ ನಸುಕಿನಲ್ಲಿ. ನಾಲ್ಕೈದು ನಿಮಿಷದಲ್ಲಿ ಹಾಲು ಕುಡಿಸಿ ಹೊರಟುಬಿಡುತ್ತಾಳೆ. ಬಿಲದಲ್ಲಿದ್ದಾಗಿನ ಬುದ್ಧಿ ಅದು. ಸದಾ ಅಲ್ಲೇ ಇದ್ದರೆ ವಾಸನೆ ಹಿಡಿದು ಶತ್ರುಗಳು ಬರುತ್ತವೆ ಅಲ್ವಾ? ಅವಳ ಹಾಲು ಹಸುವಿನ ಹಾಲಿಗಿಂತ ತುಂಬಾ ಗಟ್ಟಿ, ಕೊಬ್ಬು ಜಾಸ್ತಿ. ಅಷ್ಟರಲ್ಲೇ ಮರಿಗೆ ಒಂದು ದಿನ ಸಾಕಾಗುತ್ತದೆ.

ಹಾಗಾಗಿ ತಾಯಿ ಎಲ್ಲಿದ್ದಾಳೆ ಎಂದು ನೋಡಬೇಡಿ, ಬೆಳಗ್ಗೆ ಎದ್ದು ಮರಿಗಳ ಹೊಟ್ಟೆ ನೋಡಿ. ಕುಡಿದ ಮರಿಯ ಹೊಟ್ಟೆ ಬಲೂನಿನಂತೆ ಉಬ್ಬಿರುತ್ತದೆ. ಕುಡಿಯದ ಮರಿಯ ಚರ್ಮ ಸುಕ್ಕುಗಟ್ಟಿರುತ್ತದೆ, ಮೈ ತಣ್ಣಗಿರುತ್ತದೆ. ಎಲ್ಲ ಮರಿಗಳೂ ಹಾಗಿದ್ದರೆ ಮಾತ್ರ ತಾಯಿಯನ್ನು ಮೆಲ್ಲಗೆ ಎತ್ತಿ ಮರಿಗಳ ಮೇಲೆ ನಿಲ್ಲಿಸಿ, ತಲೆ ಸವರುತ್ತಾ ಐದು ನಿಮಿಷ ಇರಿ. ಆಗಲೂ ಕುಡಿಸದಿದ್ದರೆ ತಡ ಮಾಡದೆ ಪಶುವೈದ್ಯರ ಹತ್ತಿರ ಹೋಗಿ. ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಾರೆ. ಸಾಕಿದ ಮೊಲ ನಿಮ್ಮ ಕೈ ವಾಸನೆಗೆ ಹೊಂದಿಕೊಂಡಿರುತ್ತದೆ, ಸುಮ್ನೆ ಹೆದರಬೇಡಿ. ಗೂಡಿನಿಂದ ಉರುಳಿದ ಮರಿಯನ್ನು ನೀವೇ ಎತ್ತಿ ಒಳಗೆ ಇಡಬೇಕು. ತಾಯಿ ಕಚ್ಚಿಕೊಂಡು ತರುವುದಿಲ್ಲ.

ರಟ್ಟಿನ ಪೆಟ್ಟಿಗೆ, ಒಣಹುಲ್ಲು, ಅವಳೇ ಕಿತ್ತ ಕೂದಲು, ಗೂಡಿಗೆ ಇಷ್ಟು ಸಾಕು. ಹತ್ತಿ, ಹಳೆ ಬಟ್ಟೆ ಬೇಡ, ನೂಲು ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ನಮಗೆ ಬೆಕ್ಕಿಗಿಂತ ಹೆಚ್ಚು ಕಾಟ ಕೊಟ್ಟಿದ್ದು ಕೆಂಪು ಇರುವೆ. ಮೈಸೂರ್‌ಪಾಕ್ ಡಬ್ಬಿಗೆ ಮಾಡುವ ಉಪಾಯವನ್ನೇ ಮಾಡಿದೆವು: ಗೂಡಿನ ನಾಲ್ಕು ಕಾಲಿನ ಕೆಳಗೂ ನೀರು ತುಂಬಿದ ಐಸ್‌ಕ್ರೀಂ ಡಬ್ಬಿ.

ಬಾಣಂತಿಗೆ ಹುಲ್ಲು, ನೀರು ಎಷ್ಟು ಬೇಕೋ ಅಷ್ಟು ಇಡಿ. ಗರಿಕೆ, ಸಿಕ್ಕರೆ ಕುದುರೆ ಮೆಂತ್ಯ ಒಳ್ಳೆಯದು. ನಮ್ಮತ್ತೆ "ಬಾಣಂತಿ ಅಲ್ವಾ" ಎಂದು ಸಬ್ಬಸಿಗೆ ಸೊಪ್ಪು ತಂದರು. ಈ ಸಲ ಅವರು ಮಾಡಿದ್ದು ಸರಿಯಾಗಿತ್ತು, ಗೌರಿ ಇಷ್ಟಪಟ್ಟು ತಿಂದಳು.

ಹತ್ತು ಹನ್ನೆರಡು ದಿನಕ್ಕೆ ಮರಿಗಳು ಕಣ್ಣು ಬಿಡುತ್ತವೆ. ಮೂರನೇ ವಾರ ಹುಲ್ಲು ಕಡಿಯಲು ಶುರು ಮಾಡುತ್ತವೆ. ಎಂಟು ವಾರ ಆಗುವ ಮೊದಲು ಯಾರಿಗೂ ಕೊಡಬೇಡಿ, ಪಕ್ಕದ ಮನೆಯ ಮಕ್ಕಳು ಎಷ್ಟೇ ಗೋಗರೆದರೂ.

ಗಂಡನ್ನು ಬೇರೆ ಮಾಡಿ ಎಂದು ಮೊದಲೇ ಅವಸರ ಮಾಡಿದ್ದಕ್ಕೆ ಕಾರಣ ಹೇಳುತ್ತೇನೆ. ಹೆಣ್ಣು ಮೊಲ ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಮತ್ತೆ ಗಬ್ಬ ಆಗಬಲ್ಲದು. ನಮಗೆ ಇದು ಗೊತ್ತಿರಲಿಲ್ಲ. ಅಪ್ಪ ತಾನೇ, ಇರಲಿ ಬಿಡು ಎಂದು ಗಂಗಣ್ಣನನ್ನು ಅಲ್ಲೇ ಬಿಟ್ಟಿದ್ದೆವು. ಸರಿಯಾಗಿ 31ನೇ ದಿನ ಗೌರಿ ಮತ್ತೆ ಮೀಸೆ ಬಿಟ್ಟಳು. ಈ ಸಲ ಆರು. ಎರಡು ರೂಮಿನ ಮನೆಯಲ್ಲಿ ಹನ್ನೆರಡು ಮೊಲ! ನಿಮ್ಮ ಮೊಲ ಹೆತ್ತಾಗ ಗಂಡು ಜೊತೆಯಲ್ಲೇ ಇತ್ತು ಅಲ್ವಾ? ಹಾಗಾದರೆ ಇವತ್ತಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತಿಂಗಳು ತುಂಬುವ ಹೊತ್ತಿಗೆ ಇನ್ನೊಂದು ಪೆಟ್ಟಿಗೆ ಸಿದ್ಧ ಇಡಿ. ಗಂಡಿಗೆ ಆಪರೇಷನ್ ಮಾಡಿಸಿದರೂ ಮೇಲೆ ಐದಾರು ವಾರ ದೂರವೇ ಇರಬೇಕು, ಅಲ್ಲಿಯವರೆಗೆ ನಂಬುವ ಹಾಗಿಲ್ಲ. ಮರಿಗಳಲ್ಲೂ ಗಂಡು ಹೆಣ್ಣನ್ನು ಮೂರು ತಿಂಗಳೊಳಗೆ ವೈದ್ಯರ ಹತ್ತಿರ ತೋರಿಸಿ ಬೇರೆ ಮಾಡಿ.

ಇವತ್ತು ರಾತ್ರಿ ಗಂಡನ್ನು ಎಲ್ಲಿಡುವುದು ಎಂದರೆ, ಬಚ್ಚಲುಮನೆಯೂ ನಡೆಯುತ್ತದೆ. ನೆಲ ಒರೆಸಿ ಗೋಣಿಚೀಲ ಹಾಸಿ. ಸೋಪು ಮಾತ್ರ ಮೇಲೆ ಎತ್ತಿಡಿ, ಗಂಗಣ್ಣ ಅದನ್ನೂ ಬಿಟ್ಟಿರಲಿಲ್ಲ.