ಮಳಿಗೆ ಆಮೇಲೆ, ಮೊದಲು ಸಾಲು ಸರಿಮಾಡಿ
ಸಂಜೆ ಅಂಗಡಿಯೊಳಗೆ ಕಾಲಿಡಲೂ ಜಾಗ ಇರುವುದಿಲ್ಲ, ಪಕ್ಕದ ಮಳಿಗೆಯನ್ನೂ ಬಾಡಿಗೆಗೆ ಹಿಡಿಯಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ ಅನ್ನುತ್ತೇನೆ. ಗಂಟೆಗೆ 60 ಜನ ಬಂದು, ತಲಾ 15 ನಿಮಿಷ ಇದ್ದರೆ ಒಳಗೆ ಸರಾಸರಿ 15 ಜನ ಇರುತ್ತಾರೆ. ಅದೇ 10 ನಿಮಿಷದಲ್ಲಿ ಹೊರಟರೆ 10 ಜನ. ವ್ಯಾಪಾರ ಮಾತ್ರ ಅಷ್ಟೇ ಇರುತ್ತದೆ, ಅಲ್ವಾ?

ಹೊತ್ತು ಜಾಸ್ತಿ ಹೋಗುವುದು ಬಿಲ್ಲಿಂಗ್ ಹತ್ತಿರ. ಎರಡು ಕೌಂಟರ್ ಇದ್ದರೆ ಎರಡಕ್ಕೂ ಸೇರಿ ಒಂದೇ ಸಾಲು ಮಾಡಿ. ಒಂದು ಕಡೆ ತಡವಾದರೂ ಸಾಲು ಮುಂದೆ ಸಾಗುತ್ತದೆ. ತೂಕದ ಸಾಮಾನನ್ನು ಜನ ಕಡಿಮೆ ಇರುವಾಗಲೇ ಪ್ಯಾಕ್ ಮಾಡಿಡಿ. ಜಾಸ್ತಿ ಓಡುವ ಸಾಮಾನೆಲ್ಲ ಒಂದೇ ಮೂಲೆಯಲ್ಲಿ ಬೇಡ, ಗುಂಪು ಕಟ್ಟುವುದೇ ಅಲ್ಲಿ. ದಾರಿ ಮಧ್ಯೆ ಇಟ್ಟಿರುವ ಆಫರ್ ಸ್ಟ್ಯಾಂಡ್‌ಗಳನ್ನು ಇವತ್ತೇ ತೆಗೆಯಿರಿ. ಕಂಪನಿಯವರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ ಬಿಡಿ!